ಕೂಡಿದ ಬೆರಳು ಬಿಡಿಸಲು ನಾನು ದಿನ ಗೊತ್ತುಮಾಡುವ ಬಗೆ

ಬೆರಳು ಕೂಡಿಕೊಂಡು ಹುಟ್ಟಿದ ಮಗುವನ್ನು ಕರೆತಂದವರು ಮೊದಲು ಕೇಳುವುದು, "ಎಷ್ಟನೇ ತಿಂಗಳಿಗೆ ಆಪರೇಷನ್, ಡಾಕ್ಟ್ರೇ?" ಎಂದು. ನಾನು ಮೊದಲು ನೋಡುವುದು ಯಾವ ಬೆರಳಿಗೆ ಯಾವುದು ಕೂಡಿದೆ ಎಂದು, ಆಮೇಲೆ ಎಕ್ಸ್‌ರೇ.

ಮಧ್ಯದ ಬೆರಳು, ಉಂಗುರ ಬೆರಳು ಉದ್ದದಲ್ಲಿ ಹೆಚ್ಚುಕಡಿಮೆ ಸಮ. ಚರ್ಮವಷ್ಟೇ ಕೂಡಿದ್ದರೆ ಒಂದೂವರೆ ವರ್ಷದವರೆಗೆ ನಿಶ್ಚಿಂತೆಯಿಂದ ಕಾಯುತ್ತೇನೆ. ಹೆಬ್ಬೆರಳು–ತೋರುಬೆರಳು ಅಥವಾ ಉಂಗುರ–ಕಿರುಬೆರಳು ಕೂಡಿದ್ದರೆ ಹಾಗೆ ಕಾಯುವಂತಿಲ್ಲ. ಗಿಡ್ಡ ಬೆರಳು ಉದ್ದದ್ದನ್ನು ಹಗ್ಗ ಕಟ್ಟಿದಂತೆ ಹಿಡಿದಿಟ್ಟು, ಉದ್ದದ್ದು ಗೆಣ್ಣಿನಲ್ಲಿ ಮಡಚಿ ಪಕ್ಕಕ್ಕೆ ವಾಲುತ್ತ ಬೆಳೆಯುತ್ತದೆ. ಇವಕ್ಕೆ ಆರು ತಿಂಗಳ ಸುಮಾರಿಗೇ ಕೈಹಾಕುತ್ತೇನೆ. ತುದಿಯ ಮೂಳೆಗಳು ಅಂಟಿದ್ದರೂ ಬೇಗ ಬಿಡಿಸಬೇಕು.

ಮೂರು ಬೆರಳು ಕೂಡಿದ್ದಾಗ "ಒಂದೇ ಸಲ ಮುಗಿಸಿಬಿಡಿ" ಎನ್ನುತ್ತಾರೆ. ಒಪ್ಪುವುದಿಲ್ಲ. ಬೆರಳಿನ ಎರಡೂ ಪಕ್ಕಕ್ಕೆ ಒಂದೊಂದು ರಕ್ತನಾಳ ಇರುತ್ತದೆ. ಎರಡೂ ಪಕ್ಕ ಒಟ್ಟಿಗೆ ಬಿಡಿಸಹೋದರೆ ರಕ್ತ ನಿಂತು ಬೆರಳೇ ಹೋಗಬಹುದು. ಒಂದು ಪಕ್ಕ ಬಿಡಿಸಿ, ಇನ್ನೊಂದಕ್ಕೆ ಕೈಹಾಕುವ ನಡುವೆ ಮೂರರಿಂದ ಆರು ತಿಂಗಳು ಬಿಡುತ್ತೇನೆ.

ಬಿಡಿಸಿದ ಎರಡು ಬೆರಳುಗಳ ಸುತ್ತಳತೆ, ಕೂಡಿದ್ದಾಗಿನದಕ್ಕಿಂತ ಸುಮಾರು 22% ಹೆಚ್ಚು. ಅಂದರೆ ಚರ್ಮ ಸಾಲುವುದಿಲ್ಲ. ಎಳೆದು ಹೊಲಿದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ, ಕಲೆ ಬಿಗಿಯುತ್ತದೆ. ಅಂಕುಡೊಂಕಾಗಿ ಕೊಯ್ದು, ಕೊರತೆಗೆ ತೊಡೆಸಂದಿನ ಹೊರಬದಿಯ ಚರ್ಮ ತೆಗೆದು ಹಾಕುತ್ತೇನೆ. ಒಳಬದಿಯದ್ದು ತೆಗೆದರೆ ಪ್ರಾಯಕ್ಕೆ ಬಂದಾಗ ಬೆರಳ ಮೇಲೆ ಕೂದಲು ಹುಟ್ಟುತ್ತದೆ.

ಬೆರಳಸಂದಿಯ ತಳಕ್ಕೆ ಮಾತ್ರ ಕಸಿ ಚರ್ಮ ಹಾಕುವುದಿಲ್ಲ. ನಿಮ್ಮ ಕೈಯನ್ನೇ ಅಗಲಿಸಿ ನೋಡಿ: ಸಂದಿ ಹಿಂಗೈಯಿಂದ ಅಂಗೈ ಕಡೆಗೆ ಇಳಿಜಾರಾಗಿದೆ, ಬೆರಳಿನ ಮೊದಲ ಎಲುಬಿನ ಅರ್ಧದಷ್ಟಕ್ಕೆ ಬಂದು ನಿಲ್ಲುತ್ತದೆ. ಆ ಇಳಿಜಾರಿಗೆ ಹಿಂಗೈ ಚರ್ಮವನ್ನೇ, ಬುಡ ಬಿಡಿಸದೆ, ನಾಲಿಗೆಯಂತೆ ಎತ್ತಿ ಮಡಿಸಿ ಕೂರಿಸಬೇಕು. ಅಲ್ಲಿ ಕಸಿ ಹಾಕಿದರೆ ಅದು ಕುಗ್ಗಿ, ಬೆಳೆಯುತ್ತ ಬೆಳೆಯುತ್ತ ಸಂದಿ ಮತ್ತೆ ಮುಂದಕ್ಕೆ ಸರಿಯುತ್ತದೆ. ತುಂಬ ಎಳೆಯ ಕೈಯಲ್ಲಿ ಈ ತೊಂದರೆ ಹೆಚ್ಚು. ಅವಸರವಿಲ್ಲದ ಬೆರಳಿಗೆ ಕಾಯುವುದು ಇದಕ್ಕೇ.

ಹೊಲಿಗೆ ತಾನೇ ಕರಗುವ ದಾರದ್ದು. ಪ್ಲಾಸ್ಟರ್ ಮೊಣಕೈ ಚೆನ್ನಾಗಿ ಮಡಚಿಸಿ, ಅದರ ಮೇಲಿನವರೆಗೆ ಎರಡು ಮೂರು ವಾರ. ಗಿಡ್ಡ ಪ್ಲಾಸ್ಟರನ್ನು ಮಗು ಸಂಜೆಯೊಳಗೆ ಕಳಚಿಹಾಕುತ್ತದೆ. ನೀರು ತಾಗಲೇಬಾರದು; ಒದ್ದೆಯಾದ ಕಸಿ ಕೊಳೆಯುತ್ತದೆ.

ಕೆಮ್ಮು, ಜ್ವರವಿದ್ದರೆ ದಿನ ಮುಂದೂಡಿ ಎಂದು ನೀವೇ ಹೇಳಿ. ಅರಿವಳಿಕೆಗೆ ನಾಲ್ಕು ಗಂಟೆ ಮೊದಲು ಎದೆಹಾಲು ನಿಲ್ಲಿಸಬೇಕು. ಗಾಯ ಪೂರ್ತಿ ಒಣಗಿದ ಮೇಲೆ ದಿನಾ ಎಣ್ಣೆ ಹಚ್ಚಿ ಸಂದಿಯನ್ನು ಮೆಲ್ಲಗೆ ಒತ್ತಿ ನೀವಿ, ಕೈ ಬೆಳೆದು ನಿಲ್ಲುವವರೆಗೆ ವರ್ಷಕ್ಕೊಮ್ಮೆ ತಂದು ತೋರಿಸಿ.