120 ಹಾಸಿಗೆಯ ಪರವಾನಗಿ, 150 ಜನ: ಮಿಲ್ಟನ್ ಚಂಡಮಾರುತದ ಲೆಕ್ಕ

2024ರ ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಫ್ಲಾರಿಡಾದ ಸಿಯೆಸ್ಟಾ ಕೀ ಬಳಿ ದಡ ಹತ್ತಿತು. ಅದಕ್ಕೆ ಒಂದೂವರೆ ದಿನ ಮೊದಲೇ ಕರಾವಳಿಯ ಒಂದು ನರ್ಸಿಂಗ್ ಹೋಮಿನ 34 ಜನ ಒಳನಾಡಿನ ನಮ್ಮ ನರ್ಸಿಂಗ್ ಹೋಮಿಗೆ ಬಂದಾಗಿತ್ತು. (ಊರಿನವರಿಗೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಅಪೆಂಡಿಕ್ಸ್. ಇಲ್ಲಿ ಅದು ವಯಸ್ಸಾದವರು ವರ್ಷಗಟ್ಟಲೆ ಇರುವ ಜಾಗ.) ಪರವಾನಗಿ 120ಕ್ಕೆ, ನಮ್ಮವರೇ 116. ದಂಡ ಬೀಳುತ್ತದೆ, ದುಡ್ಡೂ ಕೈಗೆ ಬರುವುದಿಲ್ಲ ಎಂದವರೇ ಹೆಚ್ಚು. ದಂಡ ಬೀಳಲಿಲ್ಲ, ದುಡ್ಡು ಬಂತು.

ಹೆಚ್ಚುವರಿ ಹಾಸಿಗೆಯನ್ನೂ ಕೇಂದ್ರ ಸರ್ಕಾರದ ವೇವರನ್ನೂ (ನಿಯಮ ಸಡಿಲಿಕೆ) ಬೆರೆಸಬೇಡಿ. ಹಾಸಿಗೆಗೆ ದಾರಿ ಫ್ಲಾರಿಡಾ ಕಾನೂನಿನ 408.821ನೇ ಕಲಮು. ತೆರವು ಆದೇಶ ಹೊರಬಿದ್ದ ಪ್ರದೇಶದ ನಿವಾಸಿಗಳನ್ನು ತುರ್ತು ಯೋಜನೆಯ ಪ್ರಕಾರ ಪರವಾನಗಿ ಮೀರಿ ಇಟ್ಟುಕೊಳ್ಳಬಹುದು. 15 ದಿನ ದಾಟಿದರೆ ಪರವಾನಗಿ ಕೊಡುವ ರಾಜ್ಯ ಇಲಾಖೆಯ ಒಪ್ಪಿಗೆ ಬೇಕು. ಆ ಆದೇಶ, ನಿವಾಸಿಗಳನ್ನು ಕಳಿಸುವವರ ವಲಯಕ್ಕೇ ಅನ್ವಯಿಸಬೇಕು, ಸುಮ್ಮನೆ ಭಯಕ್ಕೆ ಕಳಿಸಿದರೆ ಈ ಕಲಮು ಕಾಯುವುದಿಲ್ಲ. ಹಾಗಾಗಿ ಕೌಂಟಿ ಆದೇಶದ ಪ್ರತಿ, ಹೊರಬಿದ್ದ ಗಂಟೆ ಸಮೇತ, ಕಡತದ ಮೊದಲ ಹಾಳೆ.

1135 ವೇವರ್ (ಕೇಂದ್ರದ ಸಾಮಾಜಿಕ ಭದ್ರತಾ ಕಾಯ್ದೆಯ 1135ನೇ ಕಲಮಿನ ಸಡಿಲಿಕೆ) ಬೇರೆಯದೇ ಪೆಟ್ಟಿಗೆ. ಅಧ್ಯಕ್ಷರ ಘೋಷಣೆ, ಆರೋಗ್ಯ ಕಾರ್ಯದರ್ಶಿಯ ಘೋಷಣೆ, ಎರಡೂ ಆಗಿರಬೇಕು. 2022ರ ಇಯಾನ್ ಚಂಡಮಾರುತದ ಸಮಯದಲ್ಲಿ ನಾವು 'ಎಲ್ಲ ನಿಯಮದಿಂದಲೂ ಸಡಿಲಿಕೆ ಕೊಡಿ' ಎಂದು ಒಂದೇ ಪತ್ರ ಬರೆದು ನಗೆಪಾಟಲಾಗಿದ್ದೆವು. ಈ ಸಲ ನಿಯಮಕ್ಕೊಂದು ಸಾಲು: ಯಾವ ಕಲಮು, ಎಷ್ಟು ನಿವಾಸಿಗಳು, ಎಂದಿನಿಂದ ಎಂದಿನವರೆಗೆ, ಯಾಕೆ ಪಾಲಿಸಲಾಗದು, ಬದಲಿಗೆ ಏನು ಮಾಡುತ್ತಿದ್ದೇವೆ. ಈ ಕೊನೆಯ ಕಾಲಮು ಖಾಲಿಬಿಟ್ಟ ಅರ್ಜಿ ವಾಪಸ್ ಬರುತ್ತದೆ. ಬಿರುಗಾಳಿಯಲ್ಲಿ ಒಬ್ಬ ನರ್ಸನ್ನು ಬರೀ ಕಾಗದಕ್ಕೆ ಕೂರಿಸಿದ್ದಕ್ಕೆ ಬೈಸಿಕೊಂಡಿದ್ದೂ ಉಂಟು. ಆಕೆಯ ಮೂರು ದಿನದ ಓವರ್‌ಟೈಮು ಸುಮಾರು 1,900 ಡಾಲರ್. ಈ ಇಡೀ ಪ್ರಕರಣದಲ್ಲಿ ಅಷ್ಟು ಲಾಭದ ಖರ್ಚು ಇನ್ನೊಂದಿಲ್ಲ.

ಮೆಡಿಕೇರ್ (ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ) ನರ್ಸಿಂಗ್ ಹೋಮಿಗೆ ದುಡ್ಡು ಕೊಡಲು ಹಾಕುವ ಮೂರು ದಿನ ಆಸ್ಪತ್ರೆವಾಸದ ಷರತ್ತು ಸಡಿಲವಾದರೆ ಸ್ಕಿಲ್ಡ್ ಆರೈಕೆಯ (ನರ್ಸ್, ಥೆರಪಿಸ್ಟರೇ ಕೊಡಬೇಕಾದ ಆರೈಕೆ) ಅಗತ್ಯವೂ ಮಾಫಿ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ನಮ್ಮವೇ ನಾಲ್ಕು ಬಿಲ್ಲು ತಿರಸ್ಕಾರವಾದವು: ಚಾರ್ಟಿನಲ್ಲಿ 'ಆಸ್ಪತ್ರೆಗೆ ಹಾಸಿಗೆ ಬೇಕಿತ್ತು' ಅಂತ ಮಾತ್ರ ಇತ್ತು, ರೋಗಿಗೆ ಏನು ಬೇಕು ಅಂತ ಇರಲಿಲ್ಲ. ಬಿಲ್ಲಿನ ಮೇಲೆ ಡಿಆರ್ ಕೋಡ್ (ವಿಪತ್ತಿಗೆ ಸಂಬಂಧಿಸಿದ್ದು ಎಂಬ ಗುರುತು) ಮರೆತರೆ ಅದು ಮೊದಲ ಜಾಲರಿಯಲ್ಲೇ ಸಿಕ್ಕಿಬೀಳುತ್ತದೆ. ಎಂಡಿಎಸ್ (ಪ್ರತಿ ನಿವಾಸಿಯ ಸ್ಥಿತಿಯ ಕಡ್ಡಾಯ ಮೌಲ್ಯಮಾಪನ) ಗಡುವು ಸಡಿಲವಾದರೂ ಐದನೇ ದಿನದ ಮೌಲ್ಯಮಾಪನವನ್ನು ಆದಷ್ಟು ಬೇಗ ಮುಗಿಸಿ, ದರ ನಿಂತಿರುವುದು ಅದರ ಮೇಲೆಯೇ.

ಬಂದ ಅತಿಥಿಗಳ ದುಡ್ಡು ಮಾತ್ರ ಮೆಡಿಕೇರ್‌ನಿಂದ ನೇರವಾಗಿ ನಮಗೆ ಬರುವುದಿಲ್ಲ. 30 ದಿನದೊಳಗೆ ವಾಪಸ್ ಹೋಗುವವರಾದರೆ ಕಳಿಸಿದವರೇ ಬಿಲ್ ಮಾಡುತ್ತಾರೆ, ನಮಗೆ ಒಪ್ಪಂದದಂತೆ ಕೊಡುತ್ತಾರೆ. ಹೋಗುವುದಿಲ್ಲ ಎಂದು ಖಚಿತವಾದಾಗ ಅವರು ಡಿಸ್ಚಾರ್ಜ್ ಮಾಡಬೇಕು, ನಾವು ದಾಖಲಿಸಿಕೊಳ್ಳಬೇಕು, ಎಂಡಿಎಸ್ ಚಕ್ರ ಹೊಸದಾಗಿ ಶುರು. ಇಯಾನ್ ಸಮಯದಲ್ಲಿ 'ಆಮೇಲೆ ನೋಡೋಣ' ಎಂಬ ಬಾಯಿಮಾತಿನ ಮೇಲೆ ಜನರನ್ನು ತಗೊಂಡು, ಏಳು ತಿಂಗಳಾದಮೇಲೆ ಬಿಲ್ಲಿನ ಅರ್ಧಕ್ಕಿಂತ ಕಡಿಮೆ ಸಿಕ್ಕಿತ್ತು. ಈ ಸಲ ಜೂನ್‌ನಲ್ಲೇ ಸಹಿ: ತಲೆಗೆ ದಿನಕ್ಕೆ 260 ಡಾಲರ್, ಔಷಧ ಅವರದು, ಡೈಪರ್ ನಮ್ಮದು, ವಾಪಸ್ ಬಸ್ಸು ಅವರದು. 11 ದಿನ, 34 ಜನ; 97,000 ಡಾಲರಿನ ಹತ್ತಿರ. ಎರಡು ತಿಂಗಳೊಳಗೆ ಬಂತು.

ಇನ್ನು ಕರೆಂಟು. 2017ರ ಇರ್ಮಾ ಚಂಡಮಾರುತದ ನಂತರ ಫ್ಲಾರಿಡಾದ ಹಾಲಿವುಡ್ ಹಿಲ್ಸ್ ನರ್ಸಿಂಗ್ ಹೋಮಿನಲ್ಲಿ ಎಸಿ ಇಲ್ಲದೆ ಸೆಕೆಗೆ 12 ಜನ ಸತ್ತ ಮೇಲೆ ಬಂದ ನಿಯಮ ನಿಮಗೆ ಬಾಯಿಪಾಠ ಇರುತ್ತದೆ: ಕರೆಂಟು ಹೋದರೂ 96 ಗಂಟೆ, 81 ಡಿಗ್ರಿ ಫ್ಯಾರನ್‌ಹೀಟ್ ಒಳಗೆ, ತಲೆಗೆ 30 ಚದರಡಿ. ನಮ್ಮ ಯೋಜನೆಯ ತಂಪು ಜಾಗ 120 ಜನಕ್ಕೆ 3,600 ಚದರಡಿ. 150 ಜನಕ್ಕೆ 4,500 ಬೇಕು. ಕೊರತೆಯ 900 ಅಡಿಗೆ ಥೆರಪಿ ಕೋಣೆ ತೆರೆದು ಬಾಡಿಗೆ ಸ್ಪಾಟ್ ಕೂಲರ್ (ಬೇಕಾದಲ್ಲಿಗೆ ಒಯ್ಯುವ ಎಸಿ) ಇಟ್ಟೆವು. ಮೊದಲ ತಪ್ಪು: ಬಿಸಿಗಾಳಿಯ ಕೊಳವೆಯನ್ನು ಫಾಲ್ಸ್ ಸೀಲಿಂಗ್ ಮೇಲಕ್ಕೆ ತೂರಿಸಿದ್ದು. ಆ ಬಿಸಿ ಎಲ್ಲೂ ಹೋಗುವುದಿಲ್ಲ, ಪಕ್ಕದ ಕೋಣೆಗೆ ಇಳಿಯುತ್ತದೆ. ಹಾಲಿವುಡ್ ಹಿಲ್ಸ್‌ನಲ್ಲೂ ಕೂಲರಿನ ಬಿಸಿಗಾಳಿ ಸೀಲಿಂಗಿಗೇ ಹೋಗುತ್ತಿತ್ತು. ಗಾಳಿ ಇಳಿದ ಮೇಲೆ ಕಿಟಕಿಗೆ ಪ್ಲೈವುಡ್ ಕೊರೆದು ಹೊರಗೆ ಬಿಟ್ಟೆವು. ಎರಡನೆಯದು ನೀರಿನ ಬಕೆಟ್ಟು: ಮೂರು ಗಂಟೆಗೇ ತುಂಬಿ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಪೈಪು ಹಾಕಿ ಸ್ನಾನದ ಮನೆಯ ಮೋರಿಗೆ ಬಿಡಿ.

ನಡುವೆ ಒಂದು ಪ್ರಯೋಗವೂ ಆಯಿತು. ಗೋಡೆಯ ಥರ್ಮೋಸ್ಟಾಟು 79 ತೋರಿಸುವಾಗ ದಿಂಬಿನ ಮಟ್ಟದಲ್ಲಿಟ್ಟ 15 ಡಾಲರಿನ ಲಾಗರ್ (ತಾಪಮಾನ ದಾಖಲಿಸುವ ಸಾಧನ) 83 ತೋರಿಸಿತು. ಅಂದಿನಿಂದ ತಪಾಸಣೆಗೆ ಬಂದವರಿಗೆ ದಿಂಬಿನ ಅಂಕಿಯನ್ನೇ ತೋರಿಸುತ್ತೇವೆ.

ಜನರೇಟರು ಅರ್ಧ ಲೋಡಿನಲ್ಲಿ ಗಂಟೆಗೆ 14 ಗ್ಯಾಲನ್ ಕುಡಿಯಿತು. 72 ಗಂಟೆಗೆ ಸಾವಿರ ಗ್ಯಾಲನ್. ಒಂಬತ್ತನೇ ಗಂಟೆಗೆ ಕೆಮ್ಮಿ ನಿಂತಿತು. ಫಿಲ್ಟರಿನಲ್ಲಿ ಕಪ್ಪು ಲೋಳೆ. ಟ್ಯಾಂಕಿನ ತಳದಲ್ಲಿ ನೀರು ಕೂತರೆ ಡೀಸೆಲ್ಲಿನಲ್ಲಿ ಸೂಕ್ಷ್ಮಜೀವಿ ಬೆಳೆಯುತ್ತದೆ, ತಿಂಗಳಿಗೊಮ್ಮೆ 30 ನಿಮಿಷ ಓಡಿಸುವ ಪರೀಕ್ಷೆ ಆ ತಳವನ್ನು ಕದಡುವುದೇ ಇಲ್ಲ. ಮೂರು ಫಿಲ್ಟರು ಪಕ್ಕದಲ್ಲೇ ಇದ್ದದ್ದರಿಂದ 20 ನಿಮಿಷದಲ್ಲಿ ಮತ್ತೆ ಶುರು. ಟ್ಯಾಂಕ್ ಶುದ್ಧಿಗೆ ವರ್ಷಕ್ಕೆ 1,500 ಡಾಲರ್ ಉಳಿಸಿದ್ದ ಜಾಣರು ನಾವೇ. ಎರಡನೇ ಡೀಸೆಲ್ ಲಾರಿ ಸರದಿಗೆ ಮೊದಲೇ ನಮ್ಮ ಗೇಟಿಗೆ ಬಂದದ್ದು ಹೇಗೆ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ಸರದಿಯಲ್ಲಿ ನಾವೇ ಕೊನೆ.

ಛಾವಣಿ ಹಾರಿದ್ದಕ್ಕೆ ಫೀಮಾ (ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ) ಕದ ತಟ್ಟಿ ಸಮಯ ಹಾಳು ಮಾಡಬೇಡಿ, ಲಾಭದ ಸಂಸ್ಥೆಗೆ ಅದರ ಸಾರ್ವಜನಿಕ ನೆರವು ಇಲ್ಲ. ಎಸ್‌ಬಿಎ (ಕೇಂದ್ರದ ಸಣ್ಣ ಉದ್ದಿಮೆ ಸಂಸ್ಥೆ) ಸಾಲ 20 ಲಕ್ಷ ಡಾಲರ್‌ವರೆಗೆ ಇದೆ, ಆದರೆ ಅದು ಸಾಲ.

ವಾಪಸ್ ಕಳಿಸುವ ದಿನ ಆಮ್ಲಜನಕದ ಲೆಕ್ಕ ತಪ್ಪುತ್ತದೆ. ಇ ಗಾತ್ರದ ಸಿಲಿಂಡರಿನಲ್ಲಿ ಸುಮಾರು 680 ಲೀಟರ್, ನಿಮಿಷಕ್ಕೆ 2 ಲೀಟರಿನಂತೆ ಐದೂವರೆ ಗಂಟೆ. ಎರಡು ಗಂಟೆಯ ದಾರಿ ಆರು ಗಂಟೆ ಹಿಡಿಯಿತು, ತಲೆಗೆ ಎರಡು ಕೊಟ್ಟಿದ್ದಕ್ಕೆ ಬಚಾವ್. 2005ರಲ್ಲಿ ರೀಟಾ ಚಂಡಮಾರುತಕ್ಕೆ ಓಡುತ್ತಿದ್ದ ಬಸ್ಸು ಡಲ್ಲಾಸ್ ಬಳಿ ಹೊತ್ತಿ ನರ್ಸಿಂಗ್ ಹೋಮಿನ 23 ಜನ ಹೋದರು, ಒಳಗಿನ ಸಿಲಿಂಡರುಗಳು ಬೆಂಕಿಯನ್ನು ಹೆಚ್ಚಿಸಿದವು. ಅದಕ್ಕೇ ನಮ್ಮ ಬಸ್ಸಿನಲ್ಲಿ ಬಳಕೆಯಲ್ಲಿದ್ದವು ಮಾತ್ರ, ಸ್ಟ್ಯಾಂಡಿಗೆ ಬಿಗಿದು. ಉಳಿದವು ಹಿಂದೆ ಬರುವ ವ್ಯಾನಿನಲ್ಲಿ, ಪ್ರತಿ ನಿಲುಗಡೆಯಲ್ಲೂ ಗೇಜು ನೋಡಿ ಬದಲಿಸುವ ಒಬ್ಬರ ಜೊತೆ.