ಕಾಂತತ್ವವು ಎಲೆಕ್ಟ್ರಾನ್‌ಗಳ ಚದುರುವಿಕೆಯನ್ನು ಬದಲಿಸಿದೆಯೇ ಎಂದು ಅಳೆದು ತಿಳಿಯುವ ಬಗೆ

ಬಿಸ್ಮತ್ ಸೆಲಿನೈಡ್‌ನಂತಹ ಟೊಪಾಲಾಜಿಕಲ್ ಇನ್ಸುಲೇಟರಿನ (ಆದರ್ಶವಾಗಿ ಒಳಗೆ ನಿರೋಧಕವಾಗಿದ್ದು ಮೇಲ್ಮೈಯಲ್ಲಿ ವಿದ್ಯುತ್ ಹರಿಸುವ ವಸ್ತು) ಮೇಲ್ಮೈಯಲ್ಲಿ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಪುಟ್ಟ ಕಾಂತದಂತಹ ಅದರ ಗುಣ, ಅದು ಸಾಗುವ ದಿಕ್ಕಿಗೆ ಕಟ್ಟುಬಿದ್ದಿರುತ್ತದೆ. ನೇರವಾಗಿ ಹಿಂದಿರುಗಬೇಕಾದರೆ ಸ್ಪಿನ್ ಕೂಡ ತಿರುವುಮುರುವಾಗಬೇಕಾದ್ದರಿಂದ, ಕಾಂತತ್ವವಿಲ್ಲದ ಕಲ್ಮಶವು ಅದನ್ನು ಓರೆಯಾಗಿ ಚದುರಿಸಬಲ್ಲದೇ ಹೊರತು ಬಂದ ದಾರಿಯಲ್ಲೇ ಹಿಂದಟ್ಟಲಾರದು. ಕ್ರೋಮಿಯಂ ಬೆರೆಸಿದಾಗ ಮೇಲ್ಮೈಗೆ ಲಂಬವಾದ ಕಾಂತತ್ವ ಮೂಡಿದರೆ ಸ್ಪಿನ್ ಸಮತಲದಿಂದ ಹೊರವಾಲುತ್ತದೆ, ಮುಚ್ಚಿದ್ದ ಆ ದಾರಿ ತೆರೆದುಕೊಳ್ಳುತ್ತದೆ. ಆಗ ಸೊನ್ನೆ ಕಾಂತಕ್ಷೇತ್ರದ ಸುತ್ತ ಕಾಣುವ ವಾಹಕತೆಯ ಶಿಖರ ಕುಗ್ಗುವುದರಿಂದ, ಇದನ್ನು ರೋಧದ ಅಳತೆಯಿಂದಲೇ ಗುರುತಿಸಬಹುದು.

ಮೊದಲು ಒಂದೇ ದಪ್ಪದ ಎರಡು ತೆಳುಪದರಗಳನ್ನು, ಒಂದನ್ನು ಶುದ್ಧವಾಗಿ, ಇನ್ನೊಂದನ್ನು ಕ್ರೋಮಿಯಂ ಬೆರೆಸಿ, ಹಾಲ್ ಬಾರ್ (ಉದ್ದಕ್ಕೂ ಅಡ್ಡಕ್ಕೂ ವೋಲ್ಟೇಜ್ ಅಳೆಯಬಹುದಾದ ಪಟ್ಟಿ) ಆಕಾರದಲ್ಲಿ ಸಿದ್ಧಪಡಿಸಿಕೊಳ್ಳಿ. ಸುಮಾರು 2 ಕೆಲ್ವಿನ್‌ಗೆ ತಂಪಾಗಿಸಿ, ಲಂಬ ಕಾಂತಕ್ಷೇತ್ರವನ್ನು ನಿಧಾನವಾಗಿ ಎರಡೂ ದಿಕ್ಕಿಗೆ ಏರಿಳಿಸುತ್ತಾ ರೋಧವನ್ನು ದಾಖಲಿಸಿ. ವಿದ್ಯುತ್ತನ್ನು ಅರ್ಧಕ್ಕಿಳಿಸಿದಾಗ ರೇಖೆ ಬದಲಾದರೆ ಮಾದರಿ ಬಿಸಿಯಾಗುತ್ತಿದೆ ಎಂದರ್ಥ. ಅಂತಹ ದತ್ತಾಂಶವನ್ನು ಇಟ್ಟುಕೊಳ್ಳಬಾರದು.

ಕಾಂತಕ್ಷೇತ್ರದಿಂದ ವಿದ್ಯುತ್ತಿಗೆ ಅಡ್ಡಲಾಗಿ ಮೂಡುವ ಹಾಲ್ ವೋಲ್ಟೇಜಿನ ಬೆರಕೆಯನ್ನು ಕಳೆಯಲು ಧನ ಮತ್ತು ಋಣ ಕ್ಷೇತ್ರಗಳ ಸರಾಸರಿ ತೆಗೆಯುವ ಹಂತದಲ್ಲಿ ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಕಾಂತೀಯ ಮಾದರಿಗೆ ತನ್ನ ಹಿಂದಿನ ಸ್ಥಿತಿಯ ನೆನಪಿರುವುದರಿಂದ, ಏರಿಕೆಯಲ್ಲಿ ಧನ 0.1 ಟೆಸ್ಲಾದಲ್ಲಿ ದೊರೆತ ಬೆಲೆಗೆ ಇಳಿಕೆಯಲ್ಲಿ ಋಣ 0.1 ಟೆಸ್ಲಾದಲ್ಲಿ ದೊರೆತದ್ದನ್ನೇ ಜೋಡಿಸಬೇಕು. ಒಂದೇ ಓಟದ ಎರಡು ತುದಿಗಳನ್ನು ಜೋಡಿಸಿದರೆ ನಾವು ಹುಡುಕುತ್ತಿರುವ ಗುರುತೇ ಅಳಿಸಿಹೋಗುತ್ತದೆ. ಶುದ್ಧ ಮಾದರಿಯ ಚೂಪಾದ ಶಿಖರ ಸೊನ್ನೆ ಕ್ಷೇತ್ರದಿಂದ ಸರಿದಿದ್ದರೆ ಅದು ಕಾಂತಕ್ಷೇತ್ರ ಒದಗಿಸುವ ಅತಿವಾಹಕ ಸುರುಳಿಯಲ್ಲಿ ಉಳಿದ ಕ್ಷೇತ್ರದ ಫಲ. ಆ ಅಂತರವನ್ನು ಎರಡೂ ಮಾದರಿಗಳ ರೇಖೆಗಳಿಂದ ಕಳೆಯಿರಿ.

ಈಗ ಸೊನ್ನೆ ಕ್ಷೇತ್ರದ ಸುತ್ತ ವಾಹಕತೆಯನ್ನು ಗಮನಿಸಿ. ಶುದ್ಧ ಪದರದಲ್ಲಿ ಅಲ್ಲಿ ಚೂಪಾದ ಶಿಖರ ಕಾಣಿಸಿ, ಕ್ಷೇತ್ರ ಹೆಚ್ಚಿದಂತೆ ವಾಹಕತೆ ಕುಸಿಯುತ್ತದೆ. 1980ರಲ್ಲಿ ಹಿಕಾಮಿ, ಲಾರ್ಕಿನ್ ಮತ್ತು ನಾಗಾವೋಕಾ ನೀಡಿದ ಸೂತ್ರವನ್ನು ಹೊಂದಿಸಿದರೆ ಒಂದು ಮೇಲ್ಮೈ ವಾಹಿನಿಗೆ ಆಲ್ಫಾದ (ಶಿಖರವೋ ತಗ್ಗೋ, ಎಷ್ಟು ದೊಡ್ಡದು ಎಂದು ಹೇಳುವ ಅಂಕಿ) ಬೆಲೆ ಋಣ 0.5ರ ಆಸುಪಾಸಿನಲ್ಲಿ ಬರುತ್ತದೆ. ಕ್ರೋಮಿಯಂ ಹೆಚ್ಚಿದಂತೆ ಶಿಖರ ಕುಗ್ಗಿ, ಕೊನೆಗೆ ಅದೇ ಜಾಗದಲ್ಲಿ ತಗ್ಗು ಮೂಡಬಹುದು, ಆಲ್ಫಾದ ಚಿಹ್ನೆಯೂ ಬದಲಾಗಬಹುದು.

ಆದರೆ ಇಷ್ಟಕ್ಕೇ ತೀರ್ಮಾನಿಸುವುದು ಅವಸರವೆಂದು ನನ್ನ ದೃಢ ಅಭಿಪ್ರಾಯ. ಸೆಲೆನಿಯಂ ಪರಮಾಣುಗಳು ಬಿಟ್ಟ ಖಾಲಿ ಸ್ಥಾನಗಳು ಪದರದ ಒಳಭಾಗಕ್ಕೂ ಎಲೆಕ್ಟ್ರಾನ್‌ಗಳನ್ನು ತುಂಬುತ್ತವೆ, ತೆಳುಪದರದ ಒಳಗಿನ ಆ ಎಲೆಕ್ಟ್ರಾನ್‌ಗಳೂ ಇಂತಹದೇ ತಗ್ಗನ್ನು ತೋರಬಲ್ಲವು. ಆದ್ದರಿಂದ ಹಾಲ್ ರೋಧದಲ್ಲಿ ಮಾದರಿಯ ಸ್ವಂತ ಕಾಂತತ್ವದಿಂದ ಬರುವ ಅಸಂಗತ ಹಾಲ್ ಪರಿಣಾಮದ ಕುಣಿಕೆ (ಏರಿಕೆ ಮತ್ತು ಇಳಿಕೆಯ ರೇಖೆಗಳು ಬೇರ್ಪಟ್ಟು ಆಗುವ ಆಕಾರ) ಮೂಡಿದೆಯೇ ಎಂದು ನೋಡಿ. ಪದರಕ್ಕೆ ಹೊರಗಿನಿಂದ ಕೊಡುವ ಗೇಟ್ ವೋಲ್ಟೇಜಿನಿಂದ ಫರ್ಮಿ ಮಟ್ಟವನ್ನು (ಎಲೆಕ್ಟ್ರಾನ್‌ಗಳು ತುಂಬಿರುವ ಶಕ್ತಿಯ ಮೇಲ್ಮಿತಿ) ಡಿರಾಕ್ ಬಿಂದುವಿನತ್ತ (ಮೇಲ್ಮೈಯ ಎರಡು ಶಕ್ತಿಪಟ್ಟಿಗಳು ಸಂಧಿಸುವ ಜಾಗ) ತಂದಾಗ ತಗ್ಗು ಇನ್ನಷ್ಟು ಆಳವಾಗುತ್ತದೆಯೇ ಎಂದು ಪರೀಕ್ಷಿಸಿ. ಕಾಂತತ್ವದಿಂದ ಸ್ಪಿನ್ ವಾಲುವುದು ಆ ಬಿಂದುವಿನ ಬಳಿಯೇ ಅತ್ಯಧಿಕ.