ಸ್ಟಿರಾಯ್ಡ್ ಶುರುವಾಗಿದೆಯಾ? ಮೂಳೆ ಕಡೆಗೂ ಗಮನ ಕೊಡಿ

ರುಮಟಾಯ್ಡ್ ಆರ್ಥ್ರೈಟಿಸ್ (ಕೀಲು ಊದಿಸುವ ಕಾಯಿಲೆ), ಲೂಪಸ್ (ರೋಗ ನಿರೋಧಕ ಶಕ್ತಿ ನಮ್ಮ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ), ಕರುಳಿನ ಉರಿಯೂತ ಇರುವವರು ಡಾಕ್ಟರ ಹತ್ತಿರ ನೋವಿನ ಬಗ್ಗೆ ಹೇಳುತ್ತಾರೆ. ಮೂಳೆ ಬಗ್ಗೆ ಕೇಳುವುದು ಮರೆತೇ ಹೋಗುತ್ತದೆ. ಮೂಳೆ ಸವೆಯುವಾಗ ನೋಯುವುದಿಲ್ಲ ಅಲ್ವಾ, ಅದಕ್ಕೆ.

ನಮ್ಮ ಮೂಳೆ ಸದಾ ಒಂದು ಕಡೆ ಕರಗುತ್ತಾ, ಇನ್ನೊಂದು ಕಡೆ ಬೆಳೆಯುತ್ತಾ ಇರುತ್ತದೆ. ಕರಗಿಸುವ ಕೋಶದ ಹೆಸರು ಆಸ್ಟಿಯೋಕ್ಲಾಸ್ಟ್. ಇದು ರೋಗ ನಿರೋಧಕ ಕಣಗಳ ನೆಂಟ, ಹುಟ್ಟುವುದು ಅದೇ ಮಜ್ಜೆಯಲ್ಲಿ. ಇದನ್ನು ಎಬ್ಬಿಸುವ ಪ್ರೋಟೀನಿಗೆ ರ‍್ಯಾಂಕ್‌-ಎಲ್ ಅನ್ನುತ್ತಾರೆ. ಉರಿಯೂತ ಜಾಸ್ತಿಯಾದಾಗ ಟಿ ಕಣಗಳೂ (ಒಂದು ಬಗೆಯ ರೋಗ ನಿರೋಧಕ ಕಣ) ಈ ಪ್ರೋಟೀನನ್ನು ಹೊರಬಿಡುತ್ತವೆ, ಹಾಗಾಗಿ ಕೀಲಿನಲ್ಲಿ ಊತ ಇಳಿಯದೆ ಉಳಿದಷ್ಟು ದಿನ ಮೂಳೆಯೂ ಕರಗುತ್ತಿರುತ್ತದೆ. ಮೊದಲ ಕೆಲಸ ಇದೇ: ಕಾಯಿಲೆಯನ್ನು ಹತೋಟಿಗೆ ತನ್ನಿ, ಔಷಧಿ ತಪ್ಪಿಸಬೇಡಿ.

ಸ್ಟಿರಾಯ್ಡ್ ಉರಿಯೂತ ಇಳಿಸುತ್ತದೆ, ಆದರೆ ಮೂಳೆ ಕಟ್ಟುವ ಕೋಶಗಳನ್ನೂ ಕುಗ್ಗಿಸುತ್ತದೆ. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ (ಒಂದು ಸ್ಟಿರಾಯ್ಡ್ ಮಾತ್ರೆ) 3 ತಿಂಗಳಿಗಿಂತ ಜಾಸ್ತಿ ನಡೆಯುವುದಾದರೆ ಮೂಳೆ ಪರೀಕ್ಷೆ ಬೇಕಾ ಅಂತ ನೀವೇ ಕೇಳಿ. ನಷ್ಟ ಜೋರಾಗಿರುವುದು ಮೊದಲ ತಿಂಗಳುಗಳಲ್ಲೇ, ಆಮೇಲೆ ನೋಡೋಣ ಅನ್ನಬೇಡಿ. ಹೆದರಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಲೂಬೇಡಿ, ಅದು ಜೀವಕ್ಕೇ ಅಪಾಯ.

ಪರೀಕ್ಷೆಯ ಹೆಸರು ಡೆಕ್ಸಾ ಸ್ಕ್ಯಾನ್. ನೋವಿಲ್ಲ, ಸುಮ್ನೆ ಮಲಗಿದರಾಯಿತು. ಟಿ ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕ) -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಚಿಕ್ಕ ವಯಸ್ಸಿನವರಿಗೆ ಝಡ್ ಸ್ಕೋರ್ (ಅದೇ ವಯಸ್ಸಿನವರಿಗೆ ಹೋಲಿಸಿದ ಅಂಕ) ನೋಡುತ್ತಾರೆ. ಜೊತೆಗೆ ವಿಟಮಿನ್ ಡಿ ಮಟ್ಟವನ್ನೂ ನೋಡಿಸಿ. ಆಹಾರ, ಮಾತ್ರೆ ಎಲ್ಲ ಸೇರಿ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಸಾಕು. ನಡಿಗೆ, ಭಾರ ಎತ್ತುವ ವ್ಯಾಯಾಮ ಎರಡೂ ಬೇಕು. ಸಿಗರೇಟ್ ಬಿಡಿ.

ಡಾಕ್ಟರು ಡೆನೊಸುಮಾಬ್ ಬರೆದರೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ಈ ಇಂಜೆಕ್ಷನ್ ರ‍್ಯಾಂಕ್‌-ಎಲ್ ಅನ್ನೇ ಹಿಡಿದು ಕಟ್ಟಿಹಾಕುತ್ತದೆ, ತುಂಬಾ ಒಳ್ಳೆಯದು. ಆದರೆ 6 ತಿಂಗಳಿಗೊಮ್ಮೆ ತಪ್ಪದೆ ತೆಗೆದುಕೊಳ್ಳಬೇಕು. ತಡವಾದರೆ ಅಥವಾ ಬೇರೆ ಔಷಧಿ ಶುರು ಮಾಡದೆ ನಿಲ್ಲಿಸಿದರೆ, ಅಷ್ಟು ದಿನ ತಡೆದಿದ್ದ ಸವೆತ ಒಮ್ಮೆಲೇ ನುಗ್ಗಿ ಬೆನ್ನುಮೂಳೆಗಳು ಮುರಿಯಬಹುದು. ಮುಂದಿನ ತಾರೀಕನ್ನು ಇವತ್ತೇ ಫೋನಿನಲ್ಲಿ ಹಾಕಿಕೊಳ್ಳಿ, ಮನೆಯವರಿಗೂ ಹೇಳಿಡಿ.